ಮಂಡಕ್ಕಿ ಓಣಿಗೆ ಬಾರದ ಸಂಜೆ

ಆ ವರ್ಷ ಮಾಘ ಮಾಸದಲ್ಲಿ ಹನ್ನೆರಡು ದಿನ ಮಂಡಕ್ಕಿ ಓಣಿಗೆ ಸಂಜೆಯಾಗಲಿಲ್ಲ. ಊರಿನ ಉಳಿದ ಓಣಿಗಳಿಗೆಲ್ಲ ಆಯಿತು. ದಾವಲಸಾಬರು ದಿನದಂತೆ ಊರಿನ ಹಳೆಯ ಕಾವಲುಗೋಪುರ ಹುಡೇವು ಹತ್ತಿ, ಗುಡ್ಡದ ನೆತ್ತಿಗೆ ಬಂದು ನಿಂತುಕೊಂಡ ಸೂರ್ಯನಿಗಿಂತ ಒಂದು ಗೇಣು ಮೇಲಕ್ಕೆ ಗುರಿಯಿಟ್ಟು ಕೋವಿ ಹಾರಿಸುತ್ತಿದ್ದರು. ಸೂರ್ಯ ಅಲುಗುತ್ತಿದ್ದ, ಜಾರುತ್ತಿದ್ದ, ಪೇಟೆಗೂ ಕುಂಬಾರ ಓಣಿಗೂ ಕೆರೆಯ ಏರಿಗೂ ಮೆಲ್ಲಗೆ ಸಂಜೆ ಇಳಿಯುತ್ತಿತ್ತು. ಮಂಡಕ್ಕಿ ಓಣಿಯ ಮೇಲೆ ಮಾತ್ರ ಹರಿದ ಬಟ್ಟೆಯ ಸಂದಿನಿಂದ ಬಿದ್ದಂತೆ ಒಂದು ಪಟ್ಟಿ ಬಿಸಿಲು ಉಳಿದುಬಿಡುತ್ತಿತ್ತು. ಊಟದ ಹೊತ್ತಿಗೆ ಅದು ಯಾರೋ ದೀಪ ಊದಿದಂತೆ ಒಮ್ಮೆಲೇ ಆರಿ, ಕಗ್ಗತ್ತಲೆ. ನಡುವೆ ಸಂಜೆ ಎಂಬುದೇ ಇಲ್ಲ.

ನಮ್ಮೂರಿನಲ್ಲಿ ದಿನಕ್ಕೆ ಒಂದೇ ಗುಂಡು. ಎಮ್ಮೆ ಹಿಂಡುವುದು, ಶಾಲೆ ಬಿಡುವುದು, ಮಲ್ಲಿಗೆ ಅರಳುವುದು ಎಲ್ಲವೂ ಗುಂಡಾದ ಮೇಲೆ. ದಾವಲಸಾಬರಿಗೆ ನೆಗಡಿಯಾಗಿ, ಸೀನು ನಿಲ್ಲಲೆಂದು ಕಾಯುತ್ತ ನಿಂತರೆ ಶಾಲೆಯ ಮಕ್ಕಳು ಹತ್ತೊಂಬತ್ತರ ಮಗ್ಗಿಯನ್ನು ಇನ್ನೊಮ್ಮೆ ಹೇಳುತ್ತ ಕೂರಬೇಕು. ನಾನು ಹುಟ್ಟುವ ಮೊದಲು ಒಮ್ಮೆ, ಗುರಿ ತಪ್ಪಿತೆಂದು ಎರಡನೆಯ ಗುಂಡು ಹಾರಿಸಿದ್ದರಂತೆ. ಅಂದು ಎರಡು ಸಂಜೆಯಾಯಿತು. ದನಗಳು ಮನೆಗೆ ಬಂದು, ಮತ್ತೆ ಮೇಯಲು ಹೋಗಿ, ಮತ್ತೆ ಬಂದವು. ಅತ್ತೆಯಂದಿರು ಸೊಸೆಯಂದಿರ ಕೈಲಿ ರಾತ್ರಿಯ ಅಡುಗೆಯನ್ನು ಎರಡು ಸಲ ಮಾಡಿಸಿದರು. ಆಮೇಲೆ ಎರಡನೆಯ ಗುಂಡಿನ ಮಾತನ್ನು ಯಾವ ಸೊಸೆಯೂ ಎತ್ತಲು ಬಿಟ್ಟಿಲ್ಲ.

ಆ ಗುಂಡುಗಳನ್ನು ಎರಕ ಹೊಯ್ಯುವವಳು ನಾನು, ಇಂದುಮತಿ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿ ಊರಿಗೆ ಬಂದಾಗ ನನ್ನ ಸೋದರಮಾವ ಮೌನಪ್ಪನ ಕಣ್ಣಿಗೆ ಪೊರೆ ಬಂದಿತ್ತು. ಅಚ್ಚುಮನೆಯ ಕೀಲಿಕೈ ನನಗೆ ಬಂತು. ಮಾವ ಕೀಲಿಕೈ ಕೊಟ್ಟರೂ ಕಟ್ಟೆ ಬಿಡಲಿಲ್ಲ. ಹೆಸರಿಗೆ ಮೌನಪ್ಪ, ಬೆಳಗಿನಿಂದ ಗುಂಡಾಗುವವರೆಗೆ ಬಾಗಿಲಲ್ಲಿ ಕೂತು ಮಾತಾಡುತ್ತಾನೆ, ಮಧ್ಯಾಹ್ನ ಉಂಡಮೇಲಿನ ಒಂದು ಗಳಿಗೆ ನಿದ್ದೆ ಬಿಟ್ಟು.

ಅಚ್ಚು ಎಂದರೆ ಇಕ್ಕಳದಂಥ ಹಿಡಿಕೆಗಳ ತುದಿಗೆ ಕೂರಿಸಿದ ಎರಡು ಕಬ್ಬಿಣದ ಹೋಳು. ಒಂದೊಂದರಲ್ಲಿ ಅರ್ಧರ್ಧ ಗುಂಡಿನ ಆಕಾರ ಕೊರೆದಿರುತ್ತದೆ. ಒಂದು ಹೋಳಿನಲ್ಲಿ ಎರಡು ಮೊಳೆ, ಇನ್ನೊಂದರಲ್ಲಿ ಅವು ಹೊಕ್ಕು ಕೂರಲು ಎರಡು ಕುಣಿ. ಮೇಲೆ ಸೀಸ ಹೊಯ್ಯಲು ತೂತಿರುವ ತಗಡು. ಒಳಮೈಯಲ್ಲಿ ಗಾಳಿ ಹೊರಹೋಗಲು ಕೂದಲಿನಷ್ಟು ಸಣ್ಣ ಗೆರೆಗಳಿವೆ. ಅವುಗಳಲ್ಲಿ ಕಿಟ್ಟ ಕಟ್ಟಿದರೆ ಗಾಳಿ ಒಳಗೇ ಉಳಿದು ಗುಂಡಿನ ಅಂಚು ಮೊಂಡಾಗುತ್ತದೆ. ಅಚ್ಚು ತಣ್ಣಗಿದ್ದರೆ, ಅಥವಾ ಒಳಗೆ ಎಣ್ಣೆಯ ಪಸೆ ಇದ್ದರೆ, ಮೈ ಸುಕ್ಕಾಗುತ್ತದೆ. ಅದಕ್ಕೆ ನಾವು ನಿರಿಗೆ ಎನ್ನುತ್ತೇವೆ. ಎರಡು ಹೋಳು ಸರಿಯಾಗಿ ಕೂಡದಿದ್ದರೆ ಸಂದಿಗೆ ಸೀಸ ನುಗ್ಗಿ ಗುಂಡಿನ ಪಕ್ಕಕ್ಕೆ ತೆಳ್ಳಗಿನ ಒಂದು ಅಂಚು ಹೊರಬರುತ್ತದೆ. ಅದು ಸೆರಗು.

ಮಂಡಕ್ಕಿ ಓಣಿಯ ಸಂಜೆ ಹರಿದದ್ದು ಸೆರಗಿನಿಂದ. ಹುಣ್ಣಿಮೆಯ ಮರುದಿನದಿಂದ ಪ್ರತಿ ಗುಂಡಿಗೂ ಎಡಪಕ್ಕದಲ್ಲಿ ಒಂದು ಸೆರಗು. ಅಳೆದು ನೋಡಿದರೆ ಕೂದಲೆಳೆಗಿಂತ ದಪ್ಪವಿಲ್ಲ. ಆದರೆ ಗುಡ್ಡದ ನೆತ್ತಿಯಲ್ಲಿ ಕೂದಲೆಳೆಯಷ್ಟಿದ್ದದ್ದು ಊರಿಗೆ ಇಳಿಯುವ ಹೊತ್ತಿಗೆ ಒಂದು ಓಣಿಯಷ್ಟಾಗುತ್ತದೆ.

ಏಳನೆಯ ದಿನ ಸಾವಂತ್ರವ್ವ ಅಚ್ಚುಮನೆಗೆ ಬಂದಳು. ಐವತ್ತೊಂದು ವರ್ಷದ ಹೆಂಗಸು. ಗಂಡ ಸತ್ತು ಹತ್ತೊಂಬತ್ತು ವರ್ಷದಿಂದ ಮಂಡಕ್ಕಿ ಭಟ್ಟಿಯನ್ನು ಒಬ್ಬಳೇ ನಡೆಸಿದವಳು. ಆ ಹುಣ್ಣಿಮೆಯ ಬೆಳಿಗ್ಗೆಯಷ್ಟೇ ಅವಳಿಗೂ ಟಪಾಲಿನ ಗದಿಗೆಪ್ಪನಿಗೂ ಮದುವೆ ಗೊತ್ತಾಗಿತ್ತು. ಯಾರೂ ಕಾಗದ ಬರೆಯದ ಆ ಓಣಿಗೆ ಗದಿಗೆಪ್ಪ ಮೂರು ವರ್ಷ ದಿನವೂ ಹೋಗಿಬರುತ್ತಿದ್ದ ಕಾರಣ ಊರಿಗೆಲ್ಲ ತಿಳಿದಿತ್ತು. ಅವನೊಬ್ಬ ಮಾತ್ರ ಯಾರಿಗೂ ತಿಳಿದಿಲ್ಲವೆಂದುಕೊಂಡಿದ್ದ.

ಅವಳು ಸೇರು ಮಂಡಕ್ಕಿಯ ಗಂಟನ್ನು ನನ್ನ ಮುಂದಿಟ್ಟಳು. “ತಿನ್ನು. ತಿಂದು ಹೇಳು, ನಮ್ಮ ಓಣಿ ಏನ್ ಪಾಪ ಮಾಡೇತಿ?”

“ಸೀಸ ಮುಟ್ಟಿದ ಕೈ, ಸಾವಂತ್ರಕ್ಕ. ತೊಳಕೊಂಡು ತಿಂತೇನಿ.”

“ಇನ್ನ ಆರು ದಿನಕ್ಕ ನನ್ನ ಲಗ್ನ. ಗೋಧೂಳಿ ಲಗ್ನ. ಈ ವರ್ಷ ನಮ್ಮಿಬ್ಬರ ಹೆಸರಿಗೆ ಕೂಡಿ ಬಂದದ್ದು ಅದೊಂದ ಮುಹೂರ್ತ. ಧೂಳಿ ಬೇಕಾದಷ್ಟೈತಿ, ಆಕಳಾ ಅದಾವು. ಸಂಜಿ ಎಲ್ಲೈತಿ?”

ಕಟ್ಟೆಯ ಮೇಲಿಂದ ಮಾವ, “ಸಂಜಿ ಇಲ್ದ ಗೋಧೂಳಿ ಲಗ್ನ ಕಟ್ಟಾಕ ಅಯ್ನೋರು ಒಪ್ಪಂಗಿಲ್ಲ,” ಎಂದ.

“ಅದನ್ನ ನೀವೇನ್ ಹೇಳೂದು ಬ್ಯಾಡ, ಮೌನಪ್ಪಣ್ಣ. ಅವರು ನಿನ್ನೆ ಬಂದು ನಮ್ಮ ಅಂಗಳದಾಗ ನಿಂತು, ಮ್ಯಾಲ ನೋಡಿ, ಕಣ್ಣಿಗೆ ಕೈ ಹಿಡಕೊಂಡು ಹ್ವಾದ್ರು.”

ನನಗೆ ಒಂದು ಉಪಾಯ ತೋಚಿತು. “ಪ್ಯಾಟ್ಯಾಗ ಮಾಡ್ಕೊಂಡ್ರ ಹೆಂಗ, ಸಾವಂತ್ರಕ್ಕ? ಅಲ್ಲಿ ಸಂಜಿ ಛಲೋ ಬೀಳ್ತೈತಿ.”

ಗಂಡ ಸತ್ತವಳು ಮತ್ತೆ ಮದುವೆಯಾದರೆ ನಮ್ಮ ಕಡೆ ಅದನ್ನು ಮದುವೆ ಎನ್ನುವುದಿಲ್ಲ, ಉಡಿಕಿ ಎನ್ನುತ್ತಾರೆ. ಕತ್ತಲಾದ ಮೇಲೆ, ಹಿತ್ತಲಲ್ಲಿ, ನಾಲ್ಕು ಜನರೆದುರು ಒಂದು ಸೀರೆ ಉಡಿಸಿ ಮುಗಿಸುವುದು ರೂಢಿ.

“ನಮ್ಮವ್ವನ ಉಡಿಕಿ ನಾ ನೋಡೇನಿ,” ಎಂದಳು. “ನನಗ ಆರು ವರ್ಷ. ದೀಪಾ ಸಣ್ಣ ಮಾಡಿದ್ರು. ಯಾರೋ ಕೆಮ್ಮಿದ್ರು, ಅವರಿಗೆ ಸುಮ್ನಿರು ಅಂದ್ರು. ಮುಂಜಾನೆ ಮಂದಿ, ‘ಹೌದಾ? ಯಾವಾಗಾತು?’ ಅಂತ ಕೇಳಿದ್ರ ನಮ್ಮವ್ವ ತಲಿ ಎತ್ತಲಿಲ್ಲ. ನಾ ಹಂಗ ಮಾಡ್ಕೊಳಾಂಗಿಲ್ಲ. ನನ್ನ ಅಂಗಳದಾಗ, ನನ್ನ ಭಟ್ಟಿ ಮುಂದ, ನನ್ನ ಓಣಿ ಮಂದಿ ಕಣ್ಣಾಗ ಕಣ್ಣಿಟ್ಟು ಮಾಡ್ಕೊಳಾಕಿ. ಪ್ಯಾಟ್ಯಾಗ ಮಾಡಿದ್ರ ಇಲ್ಲಿಂದ ಓಡಿಹೋಗಿ ಮಾಡ್ಕೊಂಡ್ಲು ಅಂತಾರ. ಇನ್ನ ಮ್ಯಾಲ ನೀ ಉಂಟು, ನಿನ್ನ ಅಚ್ಚು ಉಂಟು.”

ಅವಳು ಹೋದಮೇಲೆ ಮಾವ ಗಂಟು ಬಿಚ್ಚಿ ಮಂಡಕ್ಕಿ ತಿನ್ನತೊಡಗಿದ. “ಓದಿದಾಕಿ ನೀ,” ಎಂದ, ಬಾಯಿ ತುಂಬ. “ಓದು ನೋಡೋಣ.”

ನಾನು ಓದುತ್ತಲೇ ಇದ್ದೆ. ಮೊದಲ ಮೂರು ದಿನ ಸೀಸವನ್ನೇ ಸಂಶಯಿಸಿದ್ದೆ. ತವರ ಹೆಚ್ಚಾದರೆ ಸೀಸ ನೀರಿನಂತೆ ಹರಿದು ಸಣ್ಣ ಸಂದಿಗೂ ನುಗ್ಗುತ್ತದೆ. ತವರ ಕಡಿಮೆ ಮಾಡಿದೆ, ಮೂಸೆಯ ಬಿಸಿ ಇಳಿಸಿದೆ. ಸೆರಗಿನ ಜೊತೆಗೆ ನಿರಿಗೆಯೂ ಬಂತು, ಅಂದು ಸಂಜೆ ಊರಿನ ಮೇಲೆಲ್ಲ ಮುದುಡಿ ಮುದುಡಿ ಬಿತ್ತು. ಮಾವ, “ಹಿಟ್ಟಿಗೆ ಬೈದ್ರ ರೊಟ್ಟಿ ದುಂಡಗಾಗ್ತೈತೇನು?” ಎಂದು ಕೇಳಿದ. ನಾಲ್ಕನೆಯ ದಿನ ಚಾಕುವಿನಿಂದ ಸೆರಗನ್ನು ಹೆರೆದು ಕೊಟ್ಟೆ. ಕೈಯಿಂದ ಹೆರೆದದ್ದು ಎಷ್ಟಾದರೂ ಹೆರೆದದ್ದೇ. ಮಂಡಕ್ಕಿ ಓಣಿಯ ಬಿಸಿಲು ಅಂದು ಎರಡು ಕಡೆ ಮಚ್ಚೆಮಚ್ಚೆಯಾಗಿ, ದಾವಲಸಾಬರು ಹುಡೇವಿನಿಂದ ಇಳಿದವರೇ ನೇರ ನನ್ನ ಬಳಿ ಬಂದು, “ಬೇಟಾ, ಗುಂಡು ನಡದಾರ್ಯಾಗ ಕುಂಟ್ತು,” ಎಂದರು. ಅದೂ ಬಿಟ್ಟೆ.

ಸಾವಂತ್ರವ್ವ ಬಂದುಹೋದ ಮೇಲೆ ಅಚ್ಚಿಗೆ ಕೈ ಹಾಕಿದೆ. ಗಾಳಿಗೆರೆಗಳನ್ನು ಚೂಪು ಮಾಡಿದ ಬಿದಿರುಕಡ್ಡಿಯಿಂದ ಒಂದೊಂದಾಗಿ ಬಿಡಿಸಿದೆ. ಕಬ್ಬಿಣದ ಸೂಜಿ ಬಳಸುವುದಿಲ್ಲ. ಅದು ಗೆರೆಯನ್ನೇ ಅಗಲ ಮಾಡುತ್ತದೆ. ಮೇಲಿನ ತಗಡಿನ ತಳದಲ್ಲಿ ಒಂದು ಸೀಸದ ಲೇಪ ಕಂಡಿತು, ಅಚ್ಚು ಬಿಸಿಯಿದ್ದಾಗ ಅದನ್ನು ಒರೆಸಿ ತೆಗೆದೆ. ಹಿಡಿಕೆಯ ಕೀಲು ಸಡಿಲಾಗಿತ್ತು, ಬಿಗಿದೆ. ಬಿಗಿದದ್ದು ಹೆಚ್ಚಾಗಿ ಹೋಳುಗಳು ತಾವಾಗಿ ಕೂಡದಾದವು, ಮತ್ತೆ ಕಾಲು ಸುತ್ತು ಸಡಿಲಿಸಿದೆ. ಮೊಳೆಗಳನ್ನು ಒರೆಸಿ, ಉದ್ದ ಅಳೆದೆ. ಎರಡೂ ಸಮ. ಎಂಟನೆಯ ದಿನ, ಒಂಬತ್ತನೆಯ ದಿನ, ಹತ್ತನೆಯ ದಿನ. ಸೆರಗು ಇದ್ದಲ್ಲೇ ಇತ್ತು.

ಹನ್ನೊಂದನೆಯ ದಿನ ಅಚ್ಚನ್ನು ಮುಚ್ಚಿ ಸೂರ್ಯನಿಗೆ ಹಿಡಿದೆ. ಎಡಗಡೆ ಕೆಳಗೆ ಬೆಳಕಿನ ಒಂದು ಗೆರೆ. ಒಂದು ಹೋಳಿಗೆ ಹರಳೆಣ್ಣೆ ದೀಪದ ಕಾಡಿಗೆ ಹಿಡಿಸಿ, ಇನ್ನೊಂದನ್ನು ಒರೆಸಿ ಬೆಳಗಿ, ಎರಡನ್ನೂ ಕೂಡಿಸಿ ಬಿಡಿಸಿದೆ. ಎಲ್ಲಿ ಎರಡೂ ಮುಟ್ಟುತ್ತವೆಯೋ ಅಲ್ಲಿ ಕಪ್ಪು ಹತ್ತಬೇಕು. ಬಲಗಡೆ ಹತ್ತಿತ್ತು. ಎಡಗಡೆ ಇಡೀ ಬೆಳ್ಳಗೆ. ಏನೋ ಒಂದು ಆ ಕಡೆಯಲ್ಲಿ ಹೋಳುಗಳನ್ನು ದೂರ ಹಿಡಿದಿತ್ತು. ಒಳಮೈ ಎರಡೂ ಕನ್ನಡಿಯಷ್ಟು ಸ್ವಚ್ಛ. ಎಂದ ಮೇಲೆ ಏನು? ಇಡೀ ರಾತ್ರಿ ನನಗೆ ಅದೇ ಚಿಂತೆ.

ಹನ್ನೆರಡನೆಯ ದಿನದ ಗುಂಡೂ ಸೆರಗಿನ ಜೊತೆಯೇ ಹಾರಿತು. ಅದರ ಸದ್ದು ಅಡಗುವ ಮುನ್ನವೇ ನನಗೆ ಹೊಳೆಯಿತು: ಮೊಳೆ ನೋಡಿದ್ದೆ, ಕುಣಿ ನೋಡಿರಲಿಲ್ಲ. ಮೊಳೆ ಕಣ್ಣಿಗೆ ಕಾಣುತ್ತದೆ, ಕುಣಿ ಕಪ್ಪಗಿರುತ್ತದೆ. ಕಪ್ಪಗಿದ್ದದ್ದು ಆಳವಾಗಿಯೇ ಇದೆ ಎಂದುಕೊಂಡುಬಿಟ್ಟಿದ್ದೆ. ಬಿದಿರುಕಡ್ಡಿ ಇಳಿಸಿ ಅಳೆದೆ. ಬಲದ ಕುಣಿಗಿಂತ ಎಡದ ಕುಣಿಯಲ್ಲಿ ಅದು ಒಂದು ಸಾಸಿವೆಕಾಳಿನಷ್ಟು ಮೇಲೆಯೇ ನಿಂತಿತು.

ತಳದಲ್ಲಿದ್ದದ್ದನ್ನು ಮೀಟಿ ತೆಗೆಯಲು ಅರ್ಧ ಗಂಟೆ ಹಿಡಿಯಿತು. ಸುಟ್ಟು ಕಲ್ಲಾದ ಒಂದು ಚೂರು. ಭೂತಗನ್ನಡಿಯ ಕೆಳಗೆ ಇಟ್ಟೆ. ಒಂದು ಮಗ್ಗುಲಲ್ಲಿ ಇನ್ನೂ ಹಳದಿ ಬಣ್ಣ. ಮೂಸಿದೆ: ಅರಿಸಿನ, ತುಪ್ಪ. ಅಕ್ಷತೆ! ಆದರೆ ಅಕ್ಷತೆಯ ಅಕ್ಕಿ ಇಷ್ಟು ಬಿಸಿಗೆ ಸುಟ್ಟು ಬೂದಿಯಾಗಿ ಉದುರಬೇಕು. ಇದು ಉಬ್ಬಿತ್ತು. ಒಳಗೆ ಜೇನುಹುಟ್ಟಿನಂತೆ ತೂತುಗಳು. ಊಹೆಯ ಮೇಲೆ ಮಾತಾಡಬಾರದೆಂದು ನಮ್ಮ ಮನೆಯ ನಾಲ್ಕು ಅಕ್ಕಿಕಾಳು ತಂದು ಬಿಸಿ ತಗಡಿನ ಮೇಲೆ ಹಾಕಿದೆ. ಕರಿಕಾದವು. ಮಾವನ ಗಂಟಿನ ತಳದಲ್ಲಿ ಮಂಡಕ್ಕಿಯ ಜೊತೆ ಉಬ್ಬದೆ ಉಳಿದಿದ್ದ ಕಾಳುಗಳನ್ನು ಹೆಕ್ಕಿ ಹಾಕಿದೆ. ಎರಡು ಸುಮ್ಮನಿದ್ದವು, ಮೂರನೆಯದು ಟಪ್ಪೆಂದು ಹೂವಾಯಿತು. ಉಪ್ಪುನೀರು ಕುಡಿಸಿ ಒಣಗಿಸಿದ ಅಕ್ಕಿ. ಊರಿನಲ್ಲಿ ಅದು ಇರುವುದು ಒಂದೇ ಮನೆಯಲ್ಲಿ.

“ಮಾವಾ, ಹುಣ್ಣಿಮಿ ದಿನ ಮಧ್ಯಾಹ್ನ ನೀ ಮಲಗಿದ್ದಿ?”

“ಕಣ್ಣು ಮುಚ್ಚಿದ್ದೆ,” ಎಂದ ಮಾವ. “ಮಲಗಿರಲಿಲ್ಲ.”

ಚೂರನ್ನು ಕಾಗದದಲ್ಲಿ ಕಟ್ಟಿಕೊಂಡು ಹೊರಟೆ. ಕುಂಬಾರ ಓಣಿಯಲ್ಲಿ ಆಗಲೇ ಮುಸ್ಸಂಜೆ. ಜನ ಕಟ್ಟೆಯ ಮೇಲೆ ಕೂತು ಮಾತಿಗೆ ತೊಡಗಿದ್ದರು. ತಿರುವು ದಾಟಿ ಮಂಡಕ್ಕಿ ಓಣಿಗೆ ಕಾಲಿಟ್ಟರೆ ಚುರುಗುಟ್ಟುವ ಬಿಸಿಲು. ಹೋಗಿಬರುವವರಿಗೆಂದು ಮೂಲೆಮನೆಯವರು ಎರಡು ಹಳೆಯ ಕೊಡೆಗಳನ್ನು ಗೂಟಕ್ಕೆ ತೂಗುಹಾಕಿದ್ದರು. ನಾನೂ ಒಂದನ್ನು ಬಿಚ್ಚಿಕೊಂಡು ಹೋದೆ. ಸಾವಂತ್ರವ್ವನ ಅಂಗಳದಲ್ಲಿ ಚಪ್ಪರ ಏಳುತ್ತಿತ್ತು. ಗದಿಗೆಪ್ಪ ಏಣಿ ಹಿಡಿದು ನಿಂತಿದ್ದ, ಏಣಿಯ ಮೇಲೆ ಯಾರೂ ಇರಲಿಲ್ಲ.

ಕಾಗದ ಬಿಚ್ಚಿ ಅವಳ ಅಂಗೈ ಮೇಲಿಟ್ಟೆ. “ಇದನ್ನ ಗುರುತು ಹಿಡಿತೀಯೇನು, ಸಾವಂತ್ರಕ್ಕ?”

ನೋಡಿದಳು. ಮೂವತ್ತು ವರ್ಷ ಭಟ್ಟಿಯ ಮುಂದೆ ಕೂತ ಕಣ್ಣು, ಎಷ್ಟು ಸುಟ್ಟಿದ್ದರೂ ತನ್ನ ಕಾಳು ತನಗೆ ತಿಳಿಯಿತು. ಅವಳ ಮುಖ ಕೆಂಪಗಾದದ್ದನ್ನು ನಾನು ಅಂದೇ ಮೊದಲು ಕಂಡದ್ದು.

ಮದುವೆ ಗೊತ್ತಾದ ಹುಡುಗಿಯರು ಅಚ್ಚುಮನೆಗೆ ಬಂದು ಅಚ್ಚಿನ ಹಿಡಿಕೆಗೆ ಅರಿಸಿನ ಹಚ್ಚಿ ಹೋಗುವುದು ನಮ್ಮಲ್ಲಿ ಪದ್ಧತಿ. ತಮ್ಮ ಸಂಜೆ ಚೆಂದಾಗಿ ಬರಲೆಂದು. ಗೆಳತಿಯರು ಜೊತೆಗಿರುತ್ತಾರೆ, ಹಾಡು, ಗಲಾಟೆ.

“ಹಿಡಿಕಿಗೆ ಹಚ್ಚಿದ್ರ ನಿಮಗ ಕಾಣ್ತೈತಲ್ಲ?” ಎಂದಳು ಮೆಲ್ಲಗೆ. “ಐವತ್ತೊಂದು ವರ್ಷದಾಕಿ ಹುಡಿಗ್ಯಾರ ಗತೆ ಅರಿಷಿಣಾ ಹಚ್ಚಾಕ ಬಂದಿದ್ಲು ಅಂತ ನಗ್ತಿದ್ರಿ. ಮೌನಪ್ಪಣ್ಣ ಮಲಗಿದ್ದಾಗ ಒಬ್ಬಾಕೀನ ಬಂದೆ. ಅಚ್ಚಿನೊಳಗ ಒಂದ ಸಣ್ಣ ಕುಣಿ ಕಂಡ್ತು. ಒಂದ ಕಾಳು ಅದರಾಗ ಇಟ್ಟು ಬೆರಳಿಂದ ಒತ್ತಿದೆ. ಯಾರಿಗೂ ತಿಳಿಬಾರದು ಅಂತ.”

“ಅದು ಒಳಗ ಹೂವಾಗೇತಿ,” ಎಂದೆ. “ಎರಡೂ ಹೋಳು ದೂರ ಹಿಡಕೊಂಡು ಕೂತೈತಿ, ಹನ್ನೆರಡು ದಿನ.”

ಅವಳು ಒಂದು ಕ್ಷಣ ಚೂರನ್ನೇ ನೋಡಿದಳು. ಆಮೇಲೆ ನಗು ಶುರುವಾಯಿತು. ಮೊದಲು ಹೊಟ್ಟೆಯಲ್ಲಿ, ಆಮೇಲೆ ಭುಜದಲ್ಲಿ, ಕೊನೆಗೆ ಚಪ್ಪರದ ಕಂಬ ಹಿಡಿದುಕೊಂಡು, ಕಣ್ಣೀರು ಒರೆಸುತ್ತ. “ಯವ್ವಾ ಯವ್ವಾ! ಕದ್ದು ಲಗ್ನಾ ಮಾಡ್ಕೊಳಾಂಗಿಲ್ಲ ಅಂದಾಕಿ ಕದ್ದು ಹರಕೀ ಕಟ್ಟಿದೆ ನೋಡು!” ಗದಿಗೆಪ್ಪ ಏಣಿ ಬಿಡದೆಯೇ, “ಏನಾತು?” ಎಂದ. “ಏನಿಲ್ಲ. ನನ್ನ ಕಾಳು ಗಟ್ಟಿ ಐತಿ ಅಂತ ಹೇಳಾಕ ಬಂದಾಳ,” ಎಂದಳು. ಆಮೇಲೆ ನಗು ನಿಲ್ಲಿಸಿ ನನ್ನ ಕೈ ಹಿಡಿದಳು. “ನಾಳೆ ಸಂಜಿ ಬರ್ತೈತಲ್ಲ, ಇಂದವ್ವ?”

ನನಗೆ ಗೊತ್ತಿರಲಿಲ್ಲ. ಕುಣಿ ಸ್ವಚ್ಛವಾಯಿತೆಂದು ಗೊತ್ತಿತ್ತು. ಆದರೆ ಹನ್ನೆರಡು ದಿನ ಓರೆಯಾಗಿ ಮುಚ್ಚಿದ ಅಚ್ಚು ಮೊದಲಿನಂತೆ ಕೂಡುತ್ತದೆಯೇ, ಅದು ಹಾರಿದ ಮೇಲೆಯೇ ತಿಳಿಯಬೇಕು. ದಿನಕ್ಕೆ ಒಂದೇ ಗುಂಡು. ನಾಳಿನದನ್ನು ಪರೀಕ್ಷಿಸಲು ನಾಳೆಯೇ ಬೇಕು. “ಎಡಕ್ಕ ಬೆಳಕು ಸೋರದಿದ್ರ ಬರ್ತೈತಿ,” ಎಂದೆ.

ಮರುದಿನ ಬೆಳಿಗ್ಗೆ ನಾನು ಒಲೆ ಹೊತ್ತಿಸುವ ಮೊದಲೇ ಹಾಡು ಕೇಳಿಸಿತು. ಸಾವಂತ್ರವ್ವ ಹಸಿರು ಸೀರೆ ಉಟ್ಟು, ಅರಿಸಿನದ ಬಟ್ಟಲು ಹಿಡಿದು, ಓಣಿಯ ಹದಿನೈದು ಇಪ್ಪತ್ತು ಹೆಂಗಸರನ್ನು ಹಿಂದಿಟ್ಟುಕೊಂಡು, ನಡುಪೇಟೆಯ ಹಾದಿಯಲ್ಲೇ ಬರುತ್ತಿದ್ದಳು. ಅಂಗಡಿಯವರು ಎದ್ದು ನಿಂತು ನೋಡುತ್ತಿದ್ದರು. ಯಾರೋ ನಕ್ಕರು. ಅವಳು ಅವರ ಕಡೆ ತಿರುಗಿ ಇನ್ನೂ ಜೋರಾಗಿ ನಕ್ಕಳು.

“ಹಿಡಿಕಿಗೆ ಅಷ್ಟ ಹಚ್ಚವ್ವ!” ಎಂದು ಮಾವ ಎದ್ದೇ ನಿಂತ. “ನಿನ್ನ ಕೈ ಮುಗಿತೇನಿ, ಹಿಡಿಕಿಗೆ ಅಷ್ಟ!”

ಅವರೆಲ್ಲ ಹೋದ ಮೇಲೆ ಅಚ್ಚನ್ನು ಮುಚ್ಚಿ ಕಿಟಕಿಗೆ ಹಿಡಿದೆ. ಎಡಗಡೆ ಕತ್ತಲೆ. ಕಾಡಿಗೆ ಹಿಡಿಸಿ ನೋಡಿದೆ. ಎರಡೂ ಕಡೆ ಸಮನಾಗಿ ಹತ್ತಿತು. ಕಿಟಕಿಗಳನ್ನೆಲ್ಲ ತೆರೆದು ಸೀಸ ಕರಗಿಸಿದೆ, ಮೇಲೆ ತೇಲಿದ ಕಿಟ್ಟ ತೆಗೆದೆ. ಅಚ್ಚಿನ ಮೂಲೆಯನ್ನು ಒಲೆಯ ಬಾಯಿಗೆ ಒಡ್ಡಿ ಕಾಯಿಸಿದೆ. ಆದರೂ ಮೊದಲ ಒಂಬತ್ತು ಗುಂಡು ನಿರಿಗೆ ನಿರಿಗೆ. ಅವನ್ನು ಮೂಸೆಗೇ ಮರಳಿಸಿದೆ. ಹತ್ತರಿಂದ ಹದಿನಾರರವರೆಗೆ ಅಂಚು ಸ್ವಲ್ಪ ಮೊಂಡು. ಆಮೇಲೆ ಕೈಗೆ ಲಯ ಬಂತು. ಸವಟಿನಿಂದ ಹೊಯ್ಯುವುದು, ತಗಡಿನ ಮೇಲಿನ ಸೀಸದ ಹೊಳಪು ಮಾಸುವವರೆಗೆ ಎಣಿಸುವುದು, ಮರದ ಕೊಡತಿಯಿಂದ ತಗಡನ್ನು ತಟ್ಟುವುದು, ಹೋಳು ಬಿಡಿಸುವುದು, ಗುಂಡನ್ನು ಮೆತ್ತಗಿನ ಬಟ್ಟೆಯ ಮೇಲೆ ಬೀಳಿಸುವುದು. ಸಾಕೆನ್ನಿಸುವಂಥ ಗುಂಡು ಇಪ್ಪತ್ತೆರಡನೆಯದಕ್ಕೇ ಬಂದಿತ್ತು. ನಾನು ನಿಲ್ಲಿಸಲಿಲ್ಲ. ನಲವತ್ತೊಂದನೆಯದು ಬಟ್ಟೆಯ ಮೇಲೆ ಬಿದ್ದಾಗ ಮಾತ್ರ ಕೈ ತಾನಾಗಿ ನಿಂತಿತು. ಮಾವನ ಅಂಗೈಗೆ ಕೊಟ್ಟೆ. ಕಣ್ಣು ಕಾಣದವನು ಉಗುರಿನಿಂದ ಸುತ್ತಲೂ ಎಳೆದು ನೋಡಿದ. ಎಲ್ಲಿಯೂ ಉಗುರು ತಡೆಯಲಿಲ್ಲ. ಅವನು ಏನೂ ಮಾತಾಡಲಿಲ್ಲ. ನಾನು ಗುಂಡನ್ನು ದಾವಲಸಾಬರಿಗೆ ಒಪ್ಪಿಸಿ, ಕೈಯನ್ನು ಮೂರು ಸಲ ತೊಳೆದು, ಮಾವನನ್ನು ಕೈಹಿಡಿದು ಕರೆದುಕೊಂಡು ಮಂಡಕ್ಕಿ ಓಣಿಗೆ ನಡೆದೆ.

ಚಪ್ಪರದಲ್ಲಿ ಊರೇ ಇತ್ತು. ಬಿಸಿಲಿಗೆ ಎಲ್ಲರೂ ಬೆವರುತ್ತಿದ್ದರು. ಅಯ್ಯನವರು ಮಣೆಯ ಮೇಲೆ ಕೂತು ಒಂದು ಕಣ್ಣನ್ನು ಆಕಾಶದಲ್ಲಿಟ್ಟಿದ್ದರು. ಸಾವಂತ್ರವ್ವ ಭಟ್ಟಿಗೆ ಬೆನ್ನು ಮಾಡಿ, ಓಣಿಗೆ ಮುಖ ಮಾಡಿ, ತಲೆ ಎತ್ತಿ ಕೂತಿದ್ದಳು. ಬಾಸಿಂಗದ ಕೆಳಗೆ ಅವಳ ತುಟಿ ಮಾತ್ರ ಒಣಗಿತ್ತು.

ಗುಂಡು ಹಾರಿತು. ಬೇರೆ ಓಣಿಗಳ ಮೇಲಿನ ಆಕಾಶ ಮೊದಲು ಜೇನಿನ ಬಣ್ಣಕ್ಕೆ ತಿರುಗಿತು. ನಮ್ಮ ಮೇಲೆ ಬಿಸಿಲು ಹಾಗೇ ಇತ್ತು. ನಾನು ಉಗುರನ್ನು ಅಂಗೈಗೆ ಒತ್ತಿಕೊಂಡೆ. ಆಮೇಲೆ ಓಣಿಯ ಬಾಯಲ್ಲಿ, ಮೂಲೆಮನೆಯ ಗೋಡೆಯ ಮೇಲೆ, ನೆರಳು ಉದ್ದವಾಯಿತು. ಅದು ಒಂದೊಂದೇ ಹೊಸ್ತಿಲು ದಾಟಿ ಬಂತು. ಬಾವಿಕಟ್ಟೆ, ಒಣಹಾಕಿದ ಅಕ್ಕಿಯ ಚಾಪೆ, ಚಪ್ಪರದ ಮೊದಲ ಕಂಬ. ಸಾವಂತ್ರವ್ವನ ಕಾಲಬೆರಳಿಗೆ ಬಂದಾಗ ಅವಳು ಬೆರಳನ್ನು ಒಮ್ಮೆ ಮಡಚಿ ಬಿಚ್ಚಿದಳು. ಎಲ್ಲಿಯೂ ಹರುಕಿಲ್ಲ, ಸುಕ್ಕಿಲ್ಲ. ಗಾಳಿ ತಣ್ಣಗಾಯಿತು. ಅಯ್ಯನವರು, “ಹೂಂ, ಹಿಡೀರಿ, ಹಿಡೀರಿ!” ಎಂದು ಅವಸರಿಸಿದರು. ಓಣಿಯ ಜನರೆಲ್ಲ ನೋಡುತ್ತಿದ್ದಂತೆ, ಅವಳೂ ಅವರನ್ನು ನೋಡುತ್ತಿದ್ದಂತೆ, ಗದಿಗೆಪ್ಪ ತಾಳಿ ಕಟ್ಟಿದ.

ಊಟಕ್ಕೆ ಎಲೆ ಹಾಕಿದರು. ಉಂಡಾಯಿತು. ಎರಡನೆಯ ಪಂಕ್ತಿಯೂ ಉಂಡಿತು. ಹೆಂಗಸರು ಬೀಗರನ್ನು ಛೇಡಿಸುವ ಹಾಡುಗಳನ್ನೆಲ್ಲ ಹಾಡಿ ಮುಗಿಸಿ, ಮತ್ತೆ ಮೊದಲಿನಿಂದ ಶುರುಮಾಡಿದರು. ಸಂಜೆ ಇನ್ನೂ ಇತ್ತು. ಜೇನುಬಣ್ಣ ಕೇಸರಿಯಾಗಿ, ಕೇಸರಿ ನೇರಳೆಯಾಗಿ, ಅಲ್ಲಿಗೆ ನಿಂತುಬಿಟ್ಟಿತ್ತು. ಎಳೆದಷ್ಟೂ ಬರುವ ರೇಷ್ಮೆಯಂತೆ. ಗದಿಗೆಪ್ಪ ಮಣೆಯ ಮೇಲೆ ಕೂತಲ್ಲೇ ಒಮ್ಮೆ ಮುಗಿಲು ನೋಡಿದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದ. ಹೆಂಗಸರ ಕಣ್ಣಿಗೆ ಅದು ಬೀಳದೆ ಇರುತ್ತದೆಯೇ?

“ಇಷ್ಟು ಛಲೋ ಎರಕಾ ಹೊಯ್ಯಬಾರದವ್ವ,” ಎಂದು ಮಾವ ನನ್ನ ಕಿವಿಯಲ್ಲಿ ಹೇಳಿದ. “ಇಪ್ಪತ್ತೆರಡನೇದ ಸಾಕಾಗಿತ್ತು.”

ಮೂಲೆಮನೆಯ ಮುದುಕಿ ಎದುರು ಕಟ್ಟೆಯಿಂದ ಕೂಗಿದಳು: “ಏ ಸಾವಂತ್ರಿ, ಇವತ್ತು ಕತ್ತಲಾಗೂದೈತೋ ಇಲ್ಲೋ?”

ಸಾವಂತ್ರವ್ವ ಎಲೆಯಡಿಕೆ ಮಡಿಸುತ್ತಿದ್ದಳು. ಕತ್ತೆತ್ತಿ ಆ ನೇರಳೆ ಬೆಳಕನ್ನು, ಅದರಲ್ಲಿ ಕೂತ ಓಣಿಯ ಅಷ್ಟೂ ಮುಖಗಳನ್ನು ಒಂದೊಂದಾಗಿ ನೋಡಿದಳು.

“ಆದಾಗ ಆಗಲಿ ಬಿಡವ್ವ,” ಎಂದಳು. “ಕತ್ತಲಿಗೆ ನಮಗೇನ್ ಅವಸರ ಇಲ್ಲ.”

ಪಕ್ಕದಲ್ಲಿ ಗದಿಗೆಪ್ಪ ತಲೆ ತಗ್ಗಿಸಿ, ತನ್ನಷ್ಟಕ್ಕೆ ತಾನೆಂಬಂತೆ, “ನಿನಗಿಲ್ಲ,” ಎಂದ. ಆ ಬೆಳಕಿನಲ್ಲಿ ಅದು ಇಡೀ ಓಣಿಗೆ ಕೇಳಿಸಿತು.